ಏರಿಯ ಯಾವ ತುದಿ

ತುಪ್ಪ ಮುಗಿದಿತ್ತು. ಶನಿವಾರ ಬೆಳಿಗ್ಗೆ, ಹೇಗ್ ಪಕ್ಕದ ರೈಸ್‌ವೈಕ್‌ನ ನಮ್ಮ ಮನೆಯಲ್ಲಿ ಉಪ್ಪಿಟ್ಟಿಗೆ ರವೆ ಹುರಿಯಲು ನಿಂತವನು, ಫ್ರಿಜ್ಜಿನಲ್ಲಿದ್ದ ಬೆಣ್ಣೆಯನ್ನೇ ಬಾಣಲೆಗೆ ಹಾಕಿದೆ. ಬೆಣ್ಣೆ ನೊರೆಯೆದ್ದು, ಅದರ ಮೇಲೆ ರವೆ ಬಿದ್ದು, ಸ್ವಲ್ಪ ಹೊತ್ತಿಗೆ ಒಂದು ವಾಸನೆ ಎದ್ದಿತು. ನಮ್ಮ ಕಡೆಯ ಉಪ್ಪಿಟ್ಟಿನದಲ್ಲ, ಕೇಸರಿಬಾತಿನದೂ ಅಲ್ಲ. ಬೆಚ್ಚಗಿನ ಹಾಲಿಗೆ ಹತ್ತಿರವಾದ ಯಾವುದೋ ವಾಸನೆ. ಸೌಟು ಹಿಡಿದ ಕೈ ಹಾಗೇ ನಿಂತಿತು.

“ರೀ, ಎಲ್ಲೋದ್ರಿ? ರವೆ ಸೀದೋಗ್ತಿದೆ,” ಎಂದಳು ಹೆಂಡತಿ, ಹಾಲ್‌ನಿಂದಲೇ.

ಸೀದುಹೋಗಲಿ ಅನ್ನಿಸಿತು. ನಾಲ್ಕೈದು ದಿನಗಳಿಂದ ಎಷ್ಟು ತಿಣುಕಿದರೂ ಬಾರದ ಒಂದು ಅಡುಗೆಮನೆ ಆ ವಾಸನೆಯ ಹಿಂದೆಯೇ ಬಂದು ನಿಂತಿತ್ತು. ವಾಗೆನಿಂಗನ್ನಿನಲ್ಲಿ ನಾನು ಸಂಶೋಧನೆಗೆಂದು ಇದ್ದ ಕಾಲದ, ಕೆಳಗಿನ ಮನೆಯ ಅಡುಗೆಮನೆ. ಹಳದಿ ಆಯಿಲ್‌ಕ್ಲಾತ್ ಹಾಸಿದ ಮೇಜು, ಮೇಜಿನ ಮೇಲೆ ಅಗಲವಾದ ತಗಡಿನ ತಟ್ಟೆ, ತಟ್ಟೆಯ ತುಂಬ ತೆಳ್ಳಗೆ ಹರಡಿದ ರವೆ, ರವೆಯ ಮೇಲೆ ಒಂದು ಮುದಿ ಬೆರಳು...

ಆ ಅಡುಗೆಮನೆ ನನಗೆ ಅಷ್ಟು ತುರ್ತಾಗಿ ಬೇಕಾಗಿದ್ದಕ್ಕೆ ಕಾರಣವಿತ್ತು. ಹಿಂದಿನ ಸೋಮವಾರ ಕೆಳಗಿನ ಮನೆಯವರ ಮಗಳು ಫೋನ್ ಮಾಡಿದ್ದರು. ಅಮ್ಮ ಮಾರ್ಚ್‌ನಲ್ಲಿ ತೀರಿಕೊಂಡರು ಎಂದರು. ನನಗದು ಗೊತ್ತೇ ಇರಲಿಲ್ಲ. ಬೂದಿಯನ್ನು ಅಮ್ಮನ ಊರಿಗೆ ಒಯ್ಯಬೇಕೆಂದಿದ್ದೇನೆ, ಅವರ ಮನೆ ಇದ್ದ ಜಾಗಕ್ಕೆ, ಎಂದರು. ಆಮೇಲೆ ಕೇಳಿದರು:

“ಮನೆ ಎಲ್ಲಿತ್ತು?”

“ನಿಮಗೆ ಗೊತ್ತಿಲ್ಲವೇ?”

“ನನಗೆ ಊರಿನ ಹೆಸರು ಬಿಟ್ಟರೆ ಏನೂ ಹೇಳಿಲ್ಲ. ಮೇಲಿನ ಮನೆಯ ಹುಡುಗನಿಗೆ ಎಲ್ಲ ಹೇಳಿದ್ದೇನೆ, ಅಂದಿದ್ದರು ಒಮ್ಮೆ. ಆ ಹುಡುಗ ನೀವೇ ಅಲ್ಲವೇ?”

ಹುಡುಗ ನಾನೇ. ಆದರೆ ತಲೆ ಬೆಳ್ಳಗಾಗಿರುವ ಈ ಹುಡುಗನಿಗೆ ತಾನು ನೋಡಿದ್ದರ ಮೇಲೆ, ಕೇಳಿದ್ದರ ಮೇಲೆ ನಂಬಿಕೆ ಕಡಿಮೆ. ಓದಿದ ವಿದ್ಯೆ ಕಲಿಸಿದ್ದು ಅದನ್ನೇ. ಯಾವ ಅಳತೆಯೂ ಅಳೆಯುವವನನ್ನು ಬಿಟ್ಟಿಲ್ಲ, ಎರಡನೆಯ ಸಲ ಅಳೆಯದ್ದನ್ನು ನಂಬಬೇಡ... ನೆನಪನ್ನು ಎರಡನೆಯ ಸಲ ಅಳೆಯುವುದು ಹೇಗೆ?

ನಾನೂ ಧಾರವಾಡದ ಗೆಳೆಯನೊಬ್ಬನೂ ಆ ಮನೆಯ ಮೇಲಂತಸ್ತಿನಲ್ಲಿ ಬಾಡಿಗೆಗಿದ್ದೆವು. ಏಣಿಯಂಥ ಕಡಿದಾದ ಮೆಟ್ಟಿಲು. ಕೆಳಗೆ ಮನೆಯೊಡತಿ, ಒಬ್ಬರೇ. ಎದುರಿಗೆ ಮೆವ್ರೌ ಎನ್ನುತ್ತಿದ್ದೆವು, ಇಲ್ಲಿ ದೊಡ್ಡವರನ್ನು ಕರೆಯುವ ಹಾಗೆ. ನಮ್ಮನಮ್ಮಲ್ಲಿ ಅವರು ಕೆಳಗಿನಜ್ಜಿ. ಮೊದಲ ಎಷ್ಟೋ ತಿಂಗಳು ಅವರಿಂದ ಬಂದದ್ದು ದೂರುಗಳು ಮಾತ್ರ. ಸೈಕಲ್ಲು ಅಡ್ಡ ನಿಲ್ಲಿಸಬೇಡಿ. ಒಗ್ಗರಣೆ ಹಾಕುವಾಗ ಕಿಟಕಿ ತೆಗೆಯಿರಿ. ಗಾಜಿನ ಬಾಟಲಿ ಕಸದ ಚೀಲಕ್ಕೆ ಹಾಕಿದವನು ಯಾರು?

ಅವರು ಡಚ್ಚರಲ್ಲ, ಝೆಕ್ ದೇಶದವರು ಎಂದು ಗೊತ್ತಾದದ್ದು ಆಕಸ್ಮಿಕವಾಗಿ. ಒಂದು ಮಧ್ಯಾಹ್ನ ಬಾಗಿಲ ಬಳಿ ಅವರ ಹೂಕುಂಡ ಒಡೆದುಹೋಗಿತ್ತು. ಮಣ್ಣನ್ನು ಕೈಯಲ್ಲಿ ಬಾಚುತ್ತಾ, ಇದೇನು ಮಣ್ಣು, ಪುಡಿ, ನಮ್ಮೂರಿನ ಮಣ್ಣು ಹೀಗಿರಲಿಲ್ಲ, ಎಂದು ಗೊಣಗಿದರು. ನಾನು ಓದುತ್ತಿದ್ದುದೇ ಮಣ್ಣಿನ ಬಗ್ಗೆ. ನಿಮ್ಮೂರಿನ ಮಣ್ಣು ಹೇಗಿತ್ತು, ಎಂದೆ. ಕೈ ಒರೆಸಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಈ ದೇಶಕ್ಕೆ ಬಂದು ಇಷ್ಟು ವರ್ಷವಾಯಿತು, ಎಲ್ಲರೂ ರಾಜಕೀಯ ಕೇಳಿದರು. ಮಣ್ಣು ಕೇಳಿದವನು ನೀನೊಬ್ಬ. ಒಳಗೆ ಬಾ.”

ನಾವು ಮಾತಾಡಿದ್ದು ನನ್ನ ಒಡಕು ಡಚ್ಚಿನಲ್ಲಿ, ಅವರ ಒಡಕು ಇಂಗ್ಲಿಷಿನಲ್ಲಿ. ಇಲ್ಲಿ ಅವರು ಇಷ್ಟು ಸಲೀಸಾಗಿ ಕನ್ನಡ ಮಾತಾಡುತ್ತಿರುವುದು ನನ್ನ ನೆನಪು ಮಾಡಿದ ಮೊದಲ ತಿದ್ದುಪಡಿ. ಇನ್ನೂ ಎಷ್ಟು ತಿದ್ದಿದೆಯೋ ಯಾರಿಗೆ ಗೊತ್ತು.

ಅವರು ರವೆಯನ್ನು ಬೆಣ್ಣೆಯಲ್ಲಿ ಹುರಿದು, ಹಾಲು ಹಾಕಿ ಗಂಜಿ ಮಾಡಿ, ಮೇಲೆ ಕೋಕೋ ಉದುರಿಸಿಕೊಂಡು ತಿನ್ನುತ್ತಿದ್ದರು. ಅವರೂರಿನ ಮಕ್ಕಳ ಊಟವಂತೆ. ಅದೇ ರವೆಗೆ ನಾನು ಸಾಸಿವೆ, ಹಸಿಮೆಣಸಿನಕಾಯಿ ಹಾಕುವುದನ್ನು ಕಂಡು ಅಪಚಾರವಾದಂತೆ ನೋಡುತ್ತಿದ್ದರು. ಹುರಿಯುವುದಕ್ಕೆ ಮುಂಚೆ ಹುಳುವಿದೆಯೇ ಎಂದು ನೋಡಲು ರವೆಯನ್ನು ತಟ್ಟೆಯಲ್ಲಿ ಹರಡುವ ಅಭ್ಯಾಸ ಇಬ್ಬರಿಗೂ ಇತ್ತು. ಅಂಗಡಿಯಿಂದ ಅಚ್ಚುಕಟ್ಟಾದ ಪೊಟ್ಟಣದಲ್ಲಿ ಬರುವ ರವೆಯಲ್ಲಿ ಹುಳುವೆಲ್ಲಿ? ಆದರೂ ಹರಡುತ್ತಿದ್ದೆವು. ಹಾಗೆ ಹರಡಿದ ರವೆಯ ಮೇಲೆ ಒಂದು ದಿನ ಅವರ ಬೆರಳು ಊರು ಬರೆಯತೊಡಗಿತು.

ಮೊದಲು ಗುಡ್ಡ. ರವೆಯನ್ನು ಅಂಗೈಯಿಂದ ಒತ್ತಿ ಒಂದು ಕಡೆ ಗುಪ್ಪೆ ಮಾಡುತ್ತಿದ್ದರು. ಅದು ಫರ್ ಮರಗಳ ಕಪ್ಪು ಗುಡ್ಡ. ಅದರಾಚೆ ಗಡಿ, ಇನ್ನೊಂದು ದೇಶ. ಗುಡ್ಡದಿಂದ ಬೆರಳಿನಲ್ಲಿ ಒಂದು ಗೆರೆ ಇಳಿಯುತ್ತಿತ್ತು, ಹಳ್ಳ. ಹಳ್ಳಕ್ಕೆ ಅಡ್ಡಲಾಗಿ ಒಂದು ದಪ್ಪ ಗೆರೆ, ಏರಿ. ಏರಿಯ ಹಿಂದೆ ಕೆರೆ. ಅವರು ಕೆರೆ ಎನ್ನಲಿಲ್ಲ, ತಮ್ಮ ಭಾಷೆಯ ಪದ ಹೇಳಿದರು. ಆದರೆ ಎಂದೋ ಯಾವನೋ ದೊರೆ ಮಣ್ಣು ಹೊರಿಸಿ ಕಟ್ಟಿಸಿದ್ದು, ನಡುವೆ ತೂಬು, ತೂಬಿನ ಕೆಳಗೆ ಊರು ಎಂದಾಗ, ಕೋಲಾರದ ಕಡೆಯ ನನಗೆ ಬೇರೆ ಪದ ಬೇಕಾಗಲಿಲ್ಲ. ನಮ್ಮಲ್ಲೂ ಇದೆ, ಎಂದೆ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಗೋಡು ತೆಗೆದು ಹೊಲಕ್ಕೆ ಹೊಡೆಯುತ್ತಾರೆ, ಎಂದೆ.

“ನೀವೂ ಕೆರೆಮಣ್ಣು ಹೊಲಕ್ಕೆ ಹಾಕುತ್ತೀರಾ?” ಅವರ ಮುಖ ಅರಳಿತು. “ಈ ಡಚ್ಚರಿಗೆ ಹೇಳಿ ಹೇಳಿ ಸಾಕಾಯಿತು. ಇವರಿಗೆ ಏರಿ ಅಂದರೆ ನೀರು ಹೊರಗಿಡುವುದು. ನಮಗೆ ಒಳಗಿಡುವುದು.”

ಏರಿಯಿಂದ ಮೇಲಕ್ಕೆ ಮೇಲಿನ ಬೀದಿ, ಕೈಬೆರಳಲ್ಲಿ ಎಣಿಸುವಷ್ಟು ಮನೆ. ಕೆಳಕ್ಕೆ ಕೆಳಗಿನ ಬೀದಿ, ಪುಟ್ಟ ಪ್ರಾರ್ಥನಾ ಮಂದಿರ, ಬೀರು ಮಾರುವ ಒಂದು ಅಂಗಡಿ, ಗಾಜು ಉಜ್ಜುವ ಒಂದು ಗಿರಣಿ. ಅಲ್ಲಿಗೆ ತಟ್ಟೆ ಮುಗಿಯುತ್ತಿತ್ತು, ಊರೂ. ಏರಿಯ ಎರಡು ತುದಿಗೆ ಒಂದೊಂದು ಮನೆ. ಒಂದು ಅವರದು. ಇನ್ನೊಂದು ಕಾಡು ಕಾಯುವವನದು.

ಆ ಊರಿನ ಚರಿತ್ರೆ ಅವರ ಮಟ್ಟಿಗೆ ಒಂದು ಡ್ರಾಯರಿನಿಂದ ಶುರುವಾಗುತ್ತಿತ್ತು. ಯುದ್ಧ ಮುಗಿದ ಮೇಲೆ, ಅಲ್ಲಿ ತಲೆತಲಾಂತರದಿಂದ ಇದ್ದ ಜರ್ಮನ್ ಮಾತಿನವರನ್ನೆಲ್ಲ ಗಡಿಯಾಚೆ ಕಳಿಸಿ, ಖಾಲಿ ಮನೆಗಳಿಗೆ ಬೇರೆ ಕಡೆಯಿಂದ ಜನರನ್ನು ತಂದರು. ಊರಿನ ಹೆಸರೂ ಬದಲಾಯಿತು. ಅವರು ಆಗ ಪುಟ್ಟ ಹುಡುಗಿ. ಅಪ್ಪ ಅಮ್ಮನೊಂದಿಗೆ ಗಾಡಿಯಿಂದಿಳಿದು ಆ ಮನೆಗೆ ಕಾಲಿಟ್ಟಾಗ ಅಡುಗೆಮನೆಯ ಡ್ರಾಯರಿನಲ್ಲಿ ಯಾರದೋ ಚಮಚಗಳು ಇದ್ದವು, ಹಿಡಿಯ ಮೇಲೆ ಯಾರದೋ ಹೆಸರಿನ ಅಕ್ಷರ ಕೆತ್ತಿದ್ದವು. ಮೊದಲ ದಿನ ಅವರಮ್ಮ ಆ ಚಮಚ ಮುಟ್ಟಲಿಲ್ಲವಂತೆ. ಎರಡನೆಯ ದಿನ ಮುಟ್ಟಿದರಂತೆ. ಹಿತ್ತಿಲ ಸೇಬಿನ ಮರವೂ ಅವರು ನೆಟ್ಟದ್ದಲ್ಲ. “ಆದರೆ ಮರಕ್ಕೆ ಗೊತ್ತಾಗುವುದಿಲ್ಲವಲ್ಲ. ಯಾರು ಕೆರೆಮಣ್ಣು ಹಾಕಿದರೂ ಹಣ್ಣು ಬಿಡುತ್ತದೆ,” ಎಂದಿದ್ದರು.

ಅಪ್ಪನಿಗೆ ಕೆರೆ ಕಾಯುವ ಕೆಲಸ ಸಿಕ್ಕಿತು. ಶರತ್ಕಾಲದಲ್ಲಿ ತೂಬು ತೆಗೆದು ಕೆರೆ ಖಾಲಿ ಮಾಡಿ ಮೀನು ಹಿಡಿಯುವ ದಿನ ಊರಿಗೆ ಊರೇ ಏರಿಯ ಮೇಲೆ. ಕೆಸರಿನ ವಾಸನೆ, ಮೊಣಕಾಲುದ್ದದ ಬೂಟು, ಬಲೆ ಎಳೆಯುವವರ ಕೂಗು, ಬಿಸಿ ಚಹಾಕ್ಕೆ ಬೆರೆಸಿದ ರಮ್ಮು. ಮೀನು ತಿನ್ನದ ನನಗೂ ಆ ದಿನದ ಬಗ್ಗೆ ಆಸೆ ಹುಟ್ಟುವಂತೆ ಹೇಳುತ್ತಿದ್ದರು. ಅಂಥ ಒಂದು ದಿನ ಅಪ್ಪ ಒಂದು ಮೀನನ್ನು ಕೋಟಿನೊಳಗೆ ಅಡಗಿಸಿ ಮನೆಗೆ ತಂದರು. ಆಗ ಕೆರೆ ಸರ್ಕಾರದ್ದು, ಮೀನೂ ಸರ್ಕಾರದ್ದು. ಏರಿಯ ಆ ತುದಿಯ ಕಾಡು ಕಾಯುವವನು ಅದನ್ನು ವರದಿ ಮಾಡಿದ. ಅಪ್ಪನ ಕೆಲಸ ಹೋಯಿತು, ಮನೆ ಹೋಯಿತು. ಕೆಳಗಿನ ಬೀದಿಯ ಒಂದು ಕೋಣೆಗೆ ಬಂದರು. ಅಪ್ಪ ಮತ್ತೆ ಏರಿ ಹತ್ತಲಿಲ್ಲ.

“ಸತ್ತರೂ ನಾನು ಆ ತುದಿಗೆ ಕಾಲಿಡುವುದಿಲ್ಲ,” ಎಂದು ಅವರು ತಟ್ಟೆಯ ಆ ಅಂಚಿನ ರವೆಯನ್ನು ಬೆರಳಿನಿಂದ ಚಿಮ್ಮಿದರು. ಇಬ್ಬರೂ ನಕ್ಕೆವು.

ಕೆಲವು ವರ್ಷಗಳ ನಂತರ, ಗಡಿಗೆ ತೀರ ಹತ್ತಿರ ಎಂದು, ಮೇಲಿನ ಬೀದಿಯ ಮನೆಗಳನ್ನೂ ಏರಿಯ ಎರಡು ತುದಿಯ ಮನೆಗಳನ್ನೂ ಕೆಡವಿ ಸಮ ಮಾಡಿದರಂತೆ. ರಷ್ಯಾದ ಟ್ಯಾಂಕುಗಳು ಬಂದ ವರ್ಷ ಅವರು ದೇಶ ಬಿಟ್ಟರು. ವಾಗೆನಿಂಗನ್ನಿನ ಗಾಜಿನ ಮನೆಗಳಲ್ಲಿ ಸಸಿ ನೆಡುವ ಕೆಲಸ, ಡಚ್ ಗಂಡ, ಒಬ್ಬಳು ಮಗಳು. ಮಗಳಿಗೆ ಇದನ್ನೆಲ್ಲ ಹೇಳಿದ್ದೀರಾ ಎಂದು ಕೇಳಿದ್ದೆ. “ಅವಳಿಗೆ ಹೇಳಿದರೆ ಹೋಗೋಣ ನಡಿ ಅನ್ನುತ್ತಾಳೆ. ನೀನು ಹೋಗುವವನಲ್ಲ.” ಹಾಗೆಂದು ತಟ್ಟೆ ಅಲ್ಲಾಡಿಸಿ, ಊರನ್ನು ಬಾಣಲೆಗೆ ಸುರಿದರು.

ನಾನು ಹೋಗಲಿಲ್ಲ, ನಿಜ. ಹೋದದ್ದು ಆ ಊರೊಂದನ್ನು ಬಿಟ್ಟು ಬೇರೆಲ್ಲ ಕಡೆಗೆ. ಓದು ಮುಗಿದ ಮೇಲೆ ಕೆಲಸ ಬದಲಿಸಿದೆ, ಊರು ಬದಲಿಸಿದೆ. ಯಾವ ಮನೆಯಲ್ಲೂ ಗೋಡೆಗೆ ಮೊಳೆ ಹೊಡೆಯುವಷ್ಟು ದಿನ ನಿಂತವನಲ್ಲ. ಮೊದಲು ಕ್ರಿಸ್ಮಸ್ಸಿಗೊಮ್ಮೆ ಅವರನ್ನು ನೋಡಲು ಹೋಗುತ್ತಿದ್ದೆ. ಆಮೇಲೆ ಫೋನು. ಆಮೇಲೆ...

ಈಗ ಪ್ರಶ್ನೆ ಇಷ್ಟೇ: ಏರಿಯ ಯಾವ ತುದಿ?

ಬೆಣ್ಣೆಯ ವಾಸನೆ ತಂದುಕೊಟ್ಟ ಚಿತ್ರದಲ್ಲಿ ಅವರ ಬೆರಳು ಏರಿಯ ಮೇಲೆ ಓಡಿ ನನ್ನ ಬಲಗಡೆಗೆ ಬಂದು ನಿಲ್ಲುತ್ತದೆ. ‘ಇಲ್ಲಿ ನಾವು’ ಎನ್ನುತ್ತದೆ. ಅದರಲ್ಲಿ ಅನುಮಾನವಿಲ್ಲ. ಆದರೆ ಅವರು ಗುಡ್ಡವನ್ನು ಯಾವಾಗಲೂ ತಮ್ಮಿಂದ ದೂರಕ್ಕೆ ಇಡುತ್ತಿದ್ದರು, ತಾವು ಊರ ಕಡೆಯಿಂದ ನೀರನ್ನು ನೋಡುತ್ತ ನಿಂತ ಹಾಗೆ. ನಾನು ಅವರ ಪಕ್ಕದಲ್ಲಿ ಕೂತಿದ್ದರೆ ನನ್ನ ಬಲವೇ ಅವರ ಬಲ. ಎದುರಿಗೆ ಕೂತಿದ್ದರೆ ನನ್ನ ಬಲ ಅವರ ಎಡ. ಗುಡ್ಡ ನನ್ನ ಹತ್ತಿರವಿತ್ತೇ, ದೂರವಿತ್ತೇ? ಅಷ್ಟು ಮಾತ್ರ ಮಸುಕು. ನಾನು ಎಲ್ಲಿ ಕೂತಿದ್ದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಧಾರವಾಡದ ಗೆಳೆಯ ಈಗ ಕಾಪೆಲ್ಲೆಯಲ್ಲಿದ್ದಾನೆ. ಅವನಿಗೆ ಫೋನ್ ಮಾಡಿದೆ.

“ಲೇ ಡಾಕ್ಟರಾ, ನೀ ಎಲ್ಲಿ ಕುಂದರ್ತಿದ್ದಿ ಅಂತ ನಿನಗ ಗೊತ್ತಿಲ್ಲ, ನನಗ ಹೆಂಗ ಗೊತ್ತಿರಬೇಕೋ?” ಎಂದು ನಕ್ಕ. ಆಮೇಲೆ ದನಿ ಇಳಿಸಿ, “ಎದುರಿಗೇ ಕುಂದರ್ತಿದ್ದಿ ನೋಡು. ಕಿಟಕಿಗೆ ಬೆನ್ನ ಹಾಕಿ. ನಾ ಸೈಕಲ್ಲಿಂದ ಇಳಿದಾಗ ನಿನ್ನ ತಲಿ ಕಾಣ್ತಿತ್ತು. ಆಗ ಕೂದಲಾ ಕರ್ರಗ ಇದ್ವು ನಿನಗ,” ಎಂದ.

ಎದುರಿಗೆ. ಹಾಗಾದರೆ ಎಡ. ನೀರಿಗೆ ಮುಖ ಮಾಡಿ ನಿಂತರೆ ಎಡಗಡೆಯ ತುದಿ. ಸಮಾಧಾನವಾಯಿತು. ಅವರ ಮಗಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ, ಚಮಚ, ಮೀನು, ಆ ತುದಿಯ ಮನುಷ್ಯ. ಅವರು ಎಲ್ಲವನ್ನೂ ಬರೆದುಕೊಂಡರು. ಆಮೇಲೆ ಹೇಳಿದರು:

“ಆದರೆ ಅಮ್ಮನಿಗೆ ಎಡಗಿವಿ ಕೇಳುತ್ತಿರಲಿಲ್ಲವಲ್ಲ. ಯಾರು ಬಂದರೂ ಬಲಗಡೆ, ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದರು. ನನ್ನನ್ನೂ.”

ಮತ್ತೆ ನೆಲ ಕುಸಿಯಿತು. ತಪ್ಪಿದರೆ, ಸತ್ತರೂ ಕಾಲಿಡುವುದಿಲ್ಲ ಎಂದಿದ್ದ ತುದಿಗೇ ಅವರನ್ನು ಕಳಿಸಿದಂತಾಗುತ್ತದೆ. ಅದೂ ನನ್ನ ಮಾತಿನ ಮೇಲೆ.

ಆ ಊರಿನ ಪಂಚಾಯಿತಿಯ ವೆಬ್‌ಸೈಟ್ ತೆರೆದೆ, ಯಂತ್ರದ ಅನುವಾದದಲ್ಲಿ ಓದಿದೆ. ಭೂಗೋಳ ಎಂಬ ತಲೆಬರಹದ ಕೆಳಗೆ ಸಮುದ್ರಮಟ್ಟದಿಂದ ಎತ್ತರ, ಹಳ್ಳದ ಹೆಸರು, ಕೆರೆಯ ವಿಸ್ತೀರ್ಣ. ಇತಿಹಾಸ ಎಂಬುದರ ಕೆಳಗೆ ಹಳೆಯ ದಾಖಲೆಯೊಂದರಲ್ಲಿ ಊರಿನ ಮೊದಲ ಉಲ್ಲೇಖ, ದೊರೆಗಳು, ಗಾಜಿನ ಗಿರಣಿ, ಆಮೇಲೆ ‘ಜನಸಂಖ್ಯೆಯಲ್ಲಿ ಬದಲಾವಣೆ’. ಚಮಚಗಳಿಗೂ ಸೇಬಿನ ಮರಕ್ಕೂ ಸೇರಿ ಅಷ್ಟೇ ಎರಡು ಪದ. ಉಪಗ್ರಹದ ಚಿತ್ರದಲ್ಲಿ ಏರಿ ಕಂಡಿತು, ಎರಡು ತುದಿಗೂ ಹಸಿರು ಪೊದೆ.

ಬೆಣ್ಣೆಯ ವಾಸನೆ ತಂದ ಚಿತ್ರದಲ್ಲಿ ಇನ್ನೊಂದು ಸಂಗತಿ ಇತ್ತು. ನಾನದನ್ನು ಯಾರಿಗೂ ಹೇಳಿರಲಿಲ್ಲ. ಏರಿಯ ನಡುವೆ, ತೂಬಿನ ಬಳಿ, ರವೆಯಲ್ಲಿ ನೆಟ್ಟಗೆ ಚುಚ್ಚಿದ ಒಂದು ಲವಂಗ. ‘ಇವನು ನಮ್ಮ ಮನೆ ಕಡೆಗೇ ನೋಡುತ್ತಾನೆ’ ಎಂಬ ಅವರ ಮಾತು. ಆದರೆ ಈ ಮಾತನ್ನು ನಾನು ಬೇರೆಡೆ ಕೇಳಿದ್ದೇನೆ. ನಮ್ಮಜ್ಜಿಯ ಊರಿನ ಕೆರೆ ಏರಿಯ ಮೇಲೆ ತೂಬಿನ ಪಕ್ಕ ಒಂದು ಕಲ್ಲು ಇತ್ತು, ಕುಂಕುಮ ಮೆತ್ತಿದ ಕೆರೆಯಮ್ಮ. ‘ಅಮ್ಮ ನಮ್ಮನೆ ಕಡೀಕೇ ನೋಡ್ತಾವ್ಳೆ’ ಎಂದು ನಮ್ಮಜ್ಜಿ ಹೇಳುತ್ತಿದ್ದರು. ಎಲ್ಲರ ಮನೆಯ ಅಜ್ಜಿಯರೂ ಹೇಳುತ್ತಿದ್ದಿರಬೇಕು. ಯುರೋಪಿನ ಏರಿಯ ಮೇಲೆ ಕೆರೆಯಮ್ಮನೆಲ್ಲಿ? ನನ್ನ ಊರಿನ ಕಲ್ಲು ಅವರ ಊರಿಗೆ ಹೋಗಿ ಕೂತಿದೆ, ಎರಡು ಕೆರೆ ಕಲೆತುಹೋಗಿವೆ ಎಂದು ತೀರ್ಮಾನಿಸಿ ಲವಂಗವನ್ನು ಹೊಡೆದುಹಾಕಿದ್ದೆ. ಹಾಗೆ ಮಾಡುವುದೇ ಸರಿಯಾದ ವಿಧಾನ ಎಂದು ನನಗೆ ಹೆಮ್ಮೆಯೂ ಇತ್ತು.

ಹೋದ ಗುರುವಾರ ಮಧ್ಯಾಹ್ನ ಮಗಳು ಅಲ್ಲಿಂದಲೇ ವಿಡಿಯೋ ಕರೆ ಮಾಡಿದರು. ಆಫೀಸಿನ ಮೀಟಿಂಗು ಬಿಟ್ಟು ಹೊರಗೆ ಬಂದೆ. ನನ್ನ ಹಿಂದೆ ಹೇಗ್‌ಗೆ ಹೋಗುವ ಟ್ರಾಮು ಗಂಟೆ ಹೊಡೆಯಿತು. ಅವರ ಹಿಂದೆ ಬೂದು ಬಣ್ಣದ ನೀರು, ಅದರಾಚೆ ಕಪ್ಪು ಗುಡ್ಡ. ರವೆಯ ಗುಪ್ಪೆಗಿಂತ ಬಹಳ ಚಿಕ್ಕದು.

“ನೀರಿಗೆ ಮುಖ ಮಾಡಿ ನಿಂತಿದ್ದೇನೆ. ಎಡಕ್ಕೆ ಒಂದು ಸೇಬಿನ ಮರ ಇದೆ. ಬಲಕ್ಕೂ ಒಂದಿದೆ,” ಎಂದರು. “ಎರಡೂ ಕಾಡು ಬಿದ್ದಿವೆ. ಹೇಳಿ, ಎಡವೋ ಬಲವೋ?”

ಟ್ರಾಮಿನ ಸದ್ದಿನಿಂದ ದೂರ ಸರಿದೆ.

“ಕೇಳಿಸುತ್ತಿದೆಯಾ? ಇಲ್ಲಿ ಗಾಳಿ. ಬೂದಿಯ ಡಬ್ಬಿಯನ್ನು ಈ ಮುರುಕು ಕಲ್ಲಿನ ಮೇಲೆ ಇಡುತ್ತೇನೆ, ಒಂದು ನಿಮಿಷ.”

“ಯಾವ ಕಲ್ಲು?”

“ತೂಬಿನ ಪಕ್ಕದ್ದು. ಯಾವನೋ ಸಂತ. ಪ್ರವಾಹದಿಂದ ಕಾಯುವವನು ಅಂತ ಕೆಳಗಿನ ಬೀದಿಯಲ್ಲಿ ಹೇಳಿದರು. ಇವರ ಕಡೆ ಏರಿ ಮೇಲೆಲ್ಲ ಇರುತ್ತಾನಂತೆ.”

“ಅವನು ಯಾವ ಕಡೆ ನೋಡುತ್ತಿದ್ದಾನೆ?”

“ನೋಡುವುದಕ್ಕೆ ತಲೆಯೇ ಇಲ್ಲ,” ಎಂದು ನಕ್ಕರು. “ಯಾವಾಗಲೋ ಹೋಗಿದೆ.”

“ಕಾಲು?”

“ಏನು?”

“ಕಾಲಿನ ಬೆರಳು ಯಾವ ಕಡೆಗಿವೆ, ಸ್ವಲ್ಪ ನೋಡಿ.”

ಫೋನು ಕೆಳಗೆ ಬಾಗಿತು. ಹುಲ್ಲು, ಪಾಚಿ, ಪಾಚಿಯ ಕೆಳಗೆ ಸವೆದ ಐದು ಉಬ್ಬು. ಅವು ಏರಿಯ ಉದ್ದಕ್ಕೆ ಮುಖ ಮಾಡಿದ್ದವು.

“ಎಡಕ್ಕೆ,” ಎಂದರು.

ಲವಂಗದ ಮಾತು ಹೇಳಿದೆ. ನಾನು ಸುಳ್ಳೆಂದು ತೆಗೆದುಹಾಕಿದ್ದೇ ನಿಜವಾಗಿತ್ತು ಎಂದೂ ಹೇಳಿದೆ. ಹಾಗಾದರೆ ನೀವು ಎದುರಿಗೇ ಕೂತಿದ್ದಿರಿ, ಎಂದರು ಅವರು. ಆಮೇಲೆ, “ನಿಮ್ಮ ಡಚ್ಚು ಕಿವಿಗೆ ಅರ್ಥವಾಗುವಂಥದ್ದಲ್ಲ. ಅಮ್ಮ ತುಟಿ ನೋಡುತ್ತಿದ್ದಿರಬೇಕು,” ಎಂದರು. ಇಬ್ಬರೂ ನಕ್ಕೆವು. ನಗುತ್ತಲೇ ಅವರು ಕಣ್ಣೊರೆಸಿಕೊಂಡರು. ಯಾರಾದರೂ ಆ ಸಂತನನ್ನು ಕಿತ್ತು ತಿರುಗಿಸಿ ನಿಲ್ಲಿಸಿರಬಹುದಲ್ಲ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ಎಡಗಡೆಯ ಮರದ ಬುಡದಲ್ಲಿ ಅವರು ಫೋನನ್ನು ಕೊಂಬೆಯ ಕವಲಿಗೆ ಆನಿಸಿ ಅಗೆದರು. ಕೈಯಲ್ಲಿದ್ದುದು ಅಮ್ಮನ ಅಡುಗೆಮನೆಯಿಂದ ತಂದ ಒಂದು ದೊಡ್ಡ ಚಮಚ. ಹಿಡಿಯ ಮೇಲೆ ಏನೋ ಒಂದು ಅಕ್ಷರ ಮಿನುಗಿದಂತಾಯಿತು. ಮಿನುಗದೆಯೂ ಇರಬಹುದು... “ಮಣ್ಣು ಯಾವ ಬಣ್ಣ?” ಎಂದು ಕೇಳಿದೆ. ಅವರು ಹಿಡಿ ಮಣ್ಣನ್ನು ಕ್ಯಾಮೆರಾಕ್ಕೆ ಹಿಡಿದರು. ಫೋನಿನಲ್ಲಿ ಎಲ್ಲ ಮಣ್ಣೂ ಒಂದೇ ಬಣ್ಣ.

ಇವತ್ತು ಮತ್ತೆ ಶನಿವಾರ. ತುಪ್ಪ ತಂದಿದ್ದೇವೆ, ಆದರೂ ಬೆಣ್ಣೆ ಹಾಕಲು ಹೊರಟಿದ್ದೇನೆ. ರವೆಯನ್ನು ತಟ್ಟೆಯಲ್ಲಿ ಹರಡಿ ಗುಡ್ಡ ಮಾಡಿದೆ, ಏರಿ ಎಳೆದೆ, ನಡುವೆ ಲವಂಗ ಚುಚ್ಚಿದೆ. ಹಳ್ಳ ಪ್ರಾರ್ಥನಾ ಮಂದಿರದ ಬಳಿ ಎಲ್ಲಿ ತಿರುಗುತ್ತದೆ ಎಂದು ನನಗೆ ಗೊತ್ತು. ಆ ತಿರುವನ್ನು ನಾನು ತಪ್ಪಾಗಿ ಎಳೆದಾಗೆಲ್ಲ ಮೇಜಿನಾಚೆಯಿಂದ ಆ ಬೆರಳು ಬಂದು, ಅಯ್ಯೋ ಹುಡುಗಾ, ಅಲ್ಲಲ್ಲ, ಎಂದು ಅಳಿಸಿ ಸರಿಯಾಗಿ ಬರೆಯುತ್ತಿತ್ತು. ಇವತ್ತು ಬೇಕೆಂದೇ ತಪ್ಪಾಗಿ ಎಳೆದು ಕೂತಿದ್ದೇನೆ.

“ಉಪ್ಪಿಟ್ಟು ಆಯ್ತಾ?” ಎನ್ನುತ್ತಿದ್ದಾಳೆ ಹೆಂಡತಿ.

ಹಳ್ಳ ಇನ್ನೂ ತಪ್ಪು ಕಡೆಗೇ ಹರಿಯುತ್ತಿದೆ.